ಬೀಳದ ಹುಣಸೆ ಬೀಜ

"ಕೈ ಹಾಕಬ್ಯಾಡ್ರಿ ಅಕ್ಕಾರ! ಮೊದಲ ಝಾಡಸ್ರಿ!"

ನೆರೆಮನೆಯ ಹನುಮವ್ವ ಕೂಗಿದ ರಭಸಕ್ಕೆ ಅವಳ ತೊಡೆಯ ಮೇಲಿದ್ದ ಕೂಸು ಬೆಚ್ಚಿಬಿದ್ದು ಅಳತೊಡಗಿತು.

ದ್ರಾಕ್ಷಾಯಿಣಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಬಾಲಪ್ಪನ ಸೇಫ್ಟಿ ಬೂಟುಗಳು ಬಾಗಿಲ ಸಂದಿಯಲ್ಲಿ ಜೋಡಿಯಾಗಿ ನಿಂತಿದ್ದವು. ಅದಿರಿನ ಕೆಂಧೂಳು ಮೆತ್ತಿ ಅವುಗಳ ಮೂಲ ಬಣ್ಣ ಯಾವುದೆಂದೇ ತಿಳಿಯುತ್ತಿರಲಿಲ್ಲ. ಬಾಲಪ್ಪ ಸತ್ತು ಇಂದಿಗೆ ಮೂರು ದಿನ.

"ಅದರಾಗ ಈಗ ಏನೂ ಇಲ್ಲ ಹನುಮವ್ವ. ಇದ್ದ ಚೇಳನ್ನ ಪೊಲೀಸರು ಡಬ್ಬಿಗೆ ಹಾಕ್ಕೊಂಡು ಹೋಗ್ಯಾರ."

"ಹೋಗಿರವಲ್ಲರ‍್ಯಾಕ. ಈ ಗುಡ್ಡದಾಗ ಝಾಡಸದ ಬೂಟಿನಾಗ ನಾವು ಕಾಲೂ ಹಾಕಂಗಿಲ್ಲ, ಕೈಯೂ ಹಾಕಂಗಿಲ್ಲ. ಅಂಬೆಗಾಲಿಡೋ ಕೂಸಿಗೂ ಅಷ್ಟು ಗೊತ್ತಿರ್ತೈತಿ."

ದ್ರಾಕ್ಷಾಯಿಣಿ ಬಲಗಾಲಿನ ಬೂಟನ್ನು ಬೋರಲು ಹಿಡಿದು ಹೊಸ್ತಿಲಿನ ಕಲ್ಲಿಗೆ ಮೂರು ಸಲ ಬಡಿದಳು. ಒಂದು ಚಿಟಿಕೆ ಕೆಂಪು ಮಣ್ಣು ಬಿತ್ತು. ಅಷ್ಟೆ.

"ಹಾಂ," ಎಂದಳು ಹನುಮವ್ವ ಸಮಾಧಾನದಿಂದ. "ಬಾಲಪ್ಪನೂ ಹಿಂಗ ಬಡೀತಿದ್ದ. ದಿನಾ ಮುಂಜಾನೆ ಐದೂವರಿಗೆ. ಮೂರು ಸಲ, ಗ್ವಾಡಿ ಅದರೂವಂಗ. ನನಗ ಗಡಿಯಾರ ಬೇಕಿರಲಿಲ್ಲ."

"ಅವತ್ತೂ ಬಡಿದನೇನು?"

"ಬಡಿದ್ನಲ್ಲ. ಆ ಸಪ್ಪಳಕ್ಕ ನಾ ಎದ್ದಿದ್ದು."

ದ್ರಾಕ್ಷಾಯಿಣಿ ಬೂಟನ್ನು ತಿರುಗಿಸಿ ನೋಡಿದಳು. ಗೋವೆಯ ಮಡಗಾಂವ್‌ನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅವಳಿಗೆ ಹನ್ನೊಂದು ವರ್ಷಗಳಿಂದ ಚೇಳಿನದೇ ಧ್ಯಾನ. ಮೂರು ದಿನದ ಹಿಂದೆ ಹೆಡ್ ಕಾನ್‌ಸ್ಟೇಬಲ್ ಹುಲಿಗೆಪ್ಪ ಫೋನಿನಲ್ಲಿ, "ಅಕ್ಕಾರ, ಕೆಂಪು ಚೇಳು ಕಡದ್ರ ಗಟ್ಟಿಮುಟ್ಟ ಗಂಡಸು ಸಾಯ್ತಾನೇನ್ರಿ?" ಎಂದು ಕೇಳಿದ್ದ. ಅವಳು ಉತ್ತರಪತ್ರಿಕೆ ತಿದ್ದುತ್ತ, "ಅಪರೂಪ. ಆದ್ರ ಸಾಯಬಹುದು" ಎಂದಿದ್ದಳು.

ಆ ಒಂದು ಮಾತು ಪಂಚನಾಮೆ ಸೇರಿತು. ಬೂಟಿನಲ್ಲಿ ಚೇಳು ಸಿಕ್ಕಿತ್ತು. ಸತ್ತವನ ಹೆಂಡತಿ ಸತ್ಯವ್ವ ಚೇಳು ಸಾಕುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಹಿಂದಿನ ದಿನ ಗಂಡಹೆಂಡತಿ ಜಗಳವಾಡಿದ್ದನ್ನು ಸಾಲುಮನೆಗಳ ಇಡೀ ಚಾಳು ಕೇಳಿತ್ತು. ಅವಳನ್ನು ಬಂಧಿಸಲು ಇಷ್ಟು ಸಾಕಾಯಿತು. ಪೊಲೀಸ್ ಕಸ್ಟಡಿ ಮುಗಿದು, ಇಂದು ನಾಲ್ಕು ಗಂಟೆಗೆ ಸತ್ಯವ್ವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ಅಲ್ಲಿಂದ ಜೈಲು. ಅವಳ ಏಳು ತಿಂಗಳ ಕೂಸು ಎರಡು ದಿನದಿಂದ ಹನುಮವ್ವನ ಕೈಯಲ್ಲಿ ಸಕ್ಕರೆ ನೀರು ಕುಡಿಯುತ್ತಿದೆ.

ಅಷ್ಟರೊಳಗೆ ತನ್ನ ಮಾತನ್ನು ತಾನೇ ಪರೀಕ್ಷಿಸಿ ನೋಡಲು ದ್ರಾಕ್ಷಾಯಿಣಿ ಬಂದಿದ್ದಳು. ಗಡಿಯಾರದಲ್ಲಿ ಹನ್ನೆರಡೂವರೆ.

"ಬಾಗಿಲು ಹಾಕ್ರಿ. ಕಿಟಕಿಗೂ ಏನರ ಅಡ್ಡ ಕಟ್ಟಬೇಕು. ಪೂರಾ ಕತ್ತಲಿ ಆಗಬೇಕು ನನಗ."

ಹನುಮವ್ವ ಸತ್ಯವ್ವನ ಕೌದಿಯನ್ನು ಕಿಟಕಿಗೆ ಸಿಕ್ಕಿಸಿದಳು. ತಗಡಿನ ಮಾಡಿನ ಕೆಳಗೆ ಕಾದ ಕತ್ತಲೆ ಹರಡಿಕೊಂಡಿತು. ದ್ರಾಕ್ಷಾಯಿಣಿ ಚೀಲದಿಂದ ನೇರಳೆ ಬೆಳಕಿನ ಟಾರ್ಚು ತೆಗೆದಳು. ಚೇಳು ಹುಡುಕುವವರ ಟಾರ್ಚು ಅದು. ಆ ಬೆಳಕು ಬಿದ್ದರೆ ಸಾಕು, ಕಲ್ಲಿನ ಬಣ್ಣದ ಚೇಳೂ ಹಸಿರು ಕೆಂಡದ ಹಾಗೆ ಹೊಳೆಯುತ್ತದೆ. ಸತ್ತು ಒಣಗಿದ ಚೇಳೂ ಹೊಳೆಯುತ್ತದೆ. ಆ ಗುಣ ಇರುವುದು ಜೀವದಲ್ಲಲ್ಲ, ಚಿಪ್ಪಿನಲ್ಲಿ.

ಎಡಗಾಲಿನ ಬೂಟಿನೊಳಗೆ ಬೆಳಕು ಬಿಟ್ಟಳು. ಬರೀ ಕತ್ತಲು.

ಬಲಗಾಲಿನ ಬೂಟಿನಲ್ಲಿ, ಹೆಬ್ಬೆರಳು ಕೂರುವ ಜಾಗದಲ್ಲಿ, ರೂಪಾಯಿಯಗಲದ ಒಂದು ಕಲೆ ಹಸಿರು ಹಸಿರಾಗಿ ಎದ್ದಿತು. ಅಂಚು ಗಾಢ, ನಡುವೆ ತೆಳು. ನೀರು ಚೆಲ್ಲಿ ಒಣಗಿದರೆ ಉಳಿಯುವಂಥ ಗುರುತು.

"ಅಯ್ಯ ನಮ್ಮವ್ವ," ಎಂದಳು ಹನುಮವ್ವ. "ಅದು ಚೇಳಿನ ಹೆಜ್ಜಿ ಏನ್ರಿ?"

"ಚೇಳಿನ ಹೆಜ್ಜಿ ಬೆಳಗಂಗಿಲ್ಲ ಹನುಮವ್ವ."

ಸೋಪಿನ ಪುಡಿಯೂ ಈ ಬೆಳಕಿಗೆ ಹೊಳೆಯುತ್ತದೆ. ಆದರೆ ಅದರದು ನೀಲಿ ಬಿಳುಪು. ಬೂಟಿನ ಒಳಗಿನ ಅಟ್ಟೆಯನ್ನು ಸೋಪು ಹಾಕಿ ತೊಳೆಯುವ ಶ್ರೀಮಂತಿಕೆ ಈ ಚಾಳಿನಲ್ಲಿ ಯಾರಿಗೂ ಇರಲಿಲ್ಲ. ಈ ಹಸಿರನ್ನು ದ್ರಾಕ್ಷಾಯಿಣಿ ಒಂದೇ ಕಡೆ ಕಂಡಿದ್ದಳು. ತನ್ನ ಪ್ರಯೋಗಾಲಯದ ಗಾಜಿನ ಭರಣಿಗಳಲ್ಲಿ. ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಚೇಳು ತಿಂಗಳುಗಟ್ಟಲೆ ತನ್ನ ಹೊಳಪನ್ನು ಸ್ಪಿರಿಟ್ಟಿಗೆ ಬಿಟ್ಟುಕೊಡುತ್ತದೆ. ಆಮೇಲೆ ಆ ಸ್ಪಿರಿಟ್ಟೇ ಬೆಳಗತೊಡಗುತ್ತದೆ.

ಬಾಲಪ್ಪನ ಬೂಟಿನಲ್ಲಿ ಸಿಕ್ಕ ಚೇಳು ಭರಣಿಯಿಂದ ಬಂದದ್ದು. ತೊಟ್ಟಿಕ್ಕುತ್ತಿದ್ದಾಗಲೇ ಯಾರೋ ಅದನ್ನು ಬೂಟಿಗೆ ಹಾಕಿದ್ದಾರೆ. ಸತ್ತು ತಿಂಗಳುಗಳಾದ ಚೇಳು ಯಾರನ್ನು ಕಡಿದೀತು?

ಅವಳು ಅಟ್ಟೆಯನ್ನು ಮೆಲ್ಲಗೆ ಎಬ್ಬಿಸಿ ಹೊರತೆಗೆದಳು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಚೀಲದ ತಳದಲ್ಲಿ, ಊಟದ ಡಬ್ಬಿಯ ಕೆಳಗಿಟ್ಟಳು.

"ಅಟ್ಟಿ ಯಾಕ್ರಿ ಅಕ್ಕಾರ?"

"ಇದನ್ನ ನೀವು ನೋಡಿಲ್ಲ. ಯಾರು ಕೇಳಿದ್ರೂ."

"ನಮ್ಮನ್ನ ಯಾರು ಏನ ಕೇಳ್ಯಾರಂತ?" ಹನುಮವ್ವ ಕೂಸಿನ ಬೆನ್ನು ತಟ್ಟಿದಳು. "ಪಂಚನಾಮಿ ಬರಿಯೋವಾಗ ಹೆಂಗಸರನ್ನೆಲ್ಲ ಹೊರಗ ನಿಲ್ಲಿಸಿದ್ರು. ಚೇಳಿನ ಶೆಡ್ಡಿನ ಥಾವರಪ್ಪ ಇಕ್ಕಳದಾಗ ಬೂಟು ಹಿಡಿದು ಡಬ್ಬ ಹಾಕಿದ, ಚೇಳು ಬಿತ್ತು, ಎಲ್ಲಾರೂ 'ಹೋ' ಅಂದ್ರು. ಹುಲಿಗೆಪ್ಪ ಸಾಹೇಬ್ರು ಲಾಠಿಲೆ ಎರಡು ಹಾಕಿದ್ರು. ಮುಗೀತು."

"ಬಿದ್ದ ಚೇಳು ಓಡಿತೇನು?"

"ಯಾರು ನೋಡ್ಯಾರ್ರಿ? ನಾ ಅಂತೂ ಪಕ್ಕದ ಮನಿ ಕಟ್ಟಿ ಹತ್ತಿದ್ದೆ." ಒಂದು ಗಳಿಗೆ ನಗು ಬಂದು ಹೋಯಿತು. "ಈ ವಯಸ್ಸಿನಾಗ ಅಷ್ಟು ಎತ್ತರ ಹೆಂಗ ಹತ್ತಿದೆನೋ."

ಕೌದಿ ಸರಿಸಿದಾಗ ಮಬ್ಬು ಬೆಳಕು ಒಳಬಂತು. ಮೇ ಕಡೆಯ ವಾರ. ನಾಲ್ಕು ದಿನದಿಂದ ಮೋಡ ಕವಿದಿತ್ತು, ಹನಿ ಬಿದ್ದಿರಲಿಲ್ಲ. ಒಲೆಯ ಪಕ್ಕ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಕಂದು ಬಣ್ಣದ ತೇಯ್ದ ಗೆರೆಗಳು. ಹತ್ತಿರವೇ ಒಂದು ಹುಣಸೆ ಬೀಜ, ಒಂದು ಪಕ್ಕ ಸವೆದು ಬೆಳ್ಳಗಾಗಿತ್ತು.

ಕಾಲೇಜಿನಲ್ಲಿ ಈ ಬೀಜದ ಮಾತು ಬಂದರೆ ದ್ರಾಕ್ಷಾಯಿಣಿ ನಗುತ್ತಿದ್ದಳು. ಅವಳ ಅಜ್ಜಿಯೂ ಹೀಗೇ ಮಾಡುತ್ತಿದ್ದಳು. ಒದ್ದೆ ಕಲ್ಲಿಗೆ ಬೀಜ ತೇಯ್ದು, ಬಿಸಿಯಾದ ಪಕ್ಕವನ್ನು ಚೇಳು ಕಡಿದ ಜಾಗಕ್ಕೆ ಒತ್ತಿದರೆ ಅಂಟಿಕೊಳ್ಳುತ್ತದೆ. ವಿಷ ಹೀರಿ ಮುಗಿದ ಮೇಲೆ ತಾನೇ ಉದುರುತ್ತದೆ ಎಂದು ನಂಬಿಕೆ. ವಿಷವನ್ನೇನೂ ಅದು ಹೀರುವುದಿಲ್ಲ.

ಆದರೆ ಕಡಿದ ಜಾಗ ಯಾವುದೆಂದು ಅದಕ್ಕಿಂತ ಸರಿಯಾಗಿ ಹೇಳುವವರು ಯಾರು?

"ಬೀಜ ಯಾರು ಹಚ್ಚಿದ್ರು ಹನುಮವ್ವ?"

"ನಾನ ರೀ. ಮೊದಲ ಸತ್ಯವ್ವ ತೇಯಾಕ ಕೂತ್ಲು. ಒಂದು ಬೀಜ ತೇದು ತೇದು ಕೆಳಗ ಬೀಳಿಸಿದ್ಲು. ಎರಡನೇದು ನಾ ತೇದು ಹಚ್ಚಿದೆ."

"ಎಲ್ಲಿ ಹಚ್ಚಿದ್ರಿ? ಕಾಲಿಗೇನು?"

"ಕಾಲಿಗ್ಯಾಕ್ರಿ?" ಹನುಮವ್ವ ಅವಳನ್ನೇ ವಿಚಿತ್ರವಾಗಿ ನೋಡಿದಳು. "ಎಡರಟ್ಟಿ ಹಿಂದ. ಅಲ್ಲೇ ಉರೀತೈತಿ, ಅಲ್ಲೇ ಹಚ್ಚು ಅಂತ ಬೆರಳ ಇಟ್ಟು ತೋರಿಸಿದ."

ದ್ರಾಕ್ಷಾಯಿಣಿ ಅಲ್ಲೇ ಕುಳಿತಳು.

ಪಂಚನಾಮೆಯಲ್ಲಿ ಬಲಗಾಲಿನ ಹೆಬ್ಬೆರಳು ಎಂದಿತ್ತು. ಚೇಳಿನ ಕೊಂಡಿ ಚರ್ಮದ ಮೇಲೆ ಗುರುತು ಬಿಡುವುದು ಕಡಿಮೆ. ಪೊಲೀಸರು ಹೇಳಿದ್ದನ್ನೇ ಡಾಕ್ಟರೂ ಬರೆದಿದ್ದರು.

"ಮೊದಲಿಂದ ಹೇಳ್ರಿ. ಅವನು ತಿರುಗಿ ಬಂದದ್ದರಿಂದ."

"ಆರಕ್ಕ ಅದಿರಿನ ಯಾರ್ಡಿನ ಡೂಟಿಗೆ ಅಂತ ಹ್ವಾದವ ಏಳೂವರಿಗೆ ತಿರುಗಿ ಬಂದ. ಮೈಯೆಲ್ಲಾ ನೀರು ಸುರಿದಂಗ ಬೆವರು. ಕೈಕಾಲು ಮುಟ್ಟಿದ್ರ ತಣ್ಣಗ, ಬಾವ್ಯಾಗಿನ ಹಗ್ಗದಂಗ. ಎದಿ ಡಬಡಬ ಅಂತ ಹೊರಗ ಕೇಳಸ್ತಿತ್ತು. ವಾಂತಿ ಮಾಡಿಕೊಂಡ. ಸತ್ಯವ್ವ ಬೂಟು ಬಿಚ್ಚಿ ಹೊರಗ ಒಗದ್ಲು. ಪೊಲೀಸರು ಬರೋತನ ಅಲ್ಲೇ ಬಿದ್ದಿದ್ವು."

ಕೆಂಪು ಚೇಳಿನ ವಿಷವೇ. ಅದರಲ್ಲಿ ಅನುಮಾನವಿಲ್ಲ. ಕಿರುಬೆರಳಿನಷ್ಟುದ್ದದ ಪ್ರಾಣಿ, ಮುಂದಿನ ಇಕ್ಕಳ ಸಣಕಲು, ಬಾಲ ಮಾತ್ರ ದಪ್ಪ. ದೊಡ್ಡ ಇಕ್ಕಳದ ಕರಿ ಚೇಳನ್ನು ಕಂಡು ಜನ ಹೌಹಾರುತ್ತಾರೆ. ಸಾಯಿಸುವುದು ಮಾತ್ರ ಈ ಕೆಂಪನೆಯದು. ಅದರ ವಿಷ ನರಗಳನ್ನು ಒಮ್ಮೆಲೇ ಬಡಿದೆಬ್ಬಿಸುತ್ತದೆ. ದೇಹ ತನ್ನ ಕುದುರೆಗಳನ್ನೆಲ್ಲ ಒಟ್ಟಿಗೇ ಬಿಟ್ಟುಬಿಡುತ್ತದೆ. ಕೊನೆಗೆ ಹೃದಯ ಸೋತು ಪುಪ್ಪುಸದಲ್ಲಿ ನೀರು ತುಂಬುತ್ತದೆ.

"ಏನರ ಹೇಳಿದ್ನೇನು?"

"ಯಾರೋ ಗುರುತಿನವರು ದಾರ‍್ಯಾಗ ಸಿಕ್ಕಿದ್ರಂತ. 'ಗಾಡಿ ನೀನ ಹೊಡಿ' ಅಂತ ಇವನ ಕೈಯಾಗ ಕೊಟ್ಟು, ತಾವು ಹಿಂದ ಕೂತ್ರಂತ. ಗುಡ್ಡದ ತಿರುವಿನಾಗ ರಟ್ಟಿಗೆ ಏನೋ ಚುರ್ ಅಂತ ಚುಚ್ಚಿತು, ಜೇನು ಇರಬೇಕು ಅಂದ. ಯಾರು ಅಂತ ಕೇಳೂದರಾಗ ಬಾಯಾಗ ಬುರುಗು ಬಂತು."

"ಮತ್ತ ಬೀಜ?"

ಹನುಮವ್ವ ಕಲ್ಲಿನ ಪಕ್ಕದ ಬೀಜ ನೋಡಿದಳು. ಕೂಸು ಅವಳ ಸೆರಗಿನ ತುದಿ ಚೀಪುತ್ತಿತ್ತು.

"ಬೀಳಲೇ ಇಲ್ರಿ. ಸ್ಟ್ರೆಚರ್ ಮ್ಯಾಲೆ ಹಾಕಿದಾಗೂ ಹಂಗ ಅಂಟಿಕೊಂಡಿತ್ತು."

*

ಹುಲಿಗೆಪ್ಪ ಕೆಳಗಿನ ರಸ್ತೆಯ ತಳ್ಳುಗಾಡಿಯ ಬಳಿ ಚಹಾದಲ್ಲಿ ಪಾವ್ ಅದ್ದಿ ತಿನ್ನುತ್ತಿದ್ದ. ಐವತ್ತರ ಆಳು, ದುಂಡು ಮುಖ, ಮೀಸೆಯ ತುದಿಯಲ್ಲಿ ಸದಾ ನಗು. ಅವನಪ್ಪ ಬದಾಮಿ ಕಡೆಯಿಂದ ಬಂದರಿನ ಹಮಾಲಿಗೆ ಬಂದವನು. ಮಗ ಇಲ್ಲೇ ಹುಟ್ಟಿ ಪೊಲೀಸಾದ. ಈ ಗುಡ್ಡದ ಚಾಳುಗಳಿಗೆಲ್ಲ ತಮ್ಮ ಮಾತಿನಲ್ಲಿ ಅಹವಾಲು ಕೇಳುವ ಸಾಹೇಬ ಅವನೊಬ್ಬನೇ.

"ಬರ್ರಿ ಅಕ್ಕಾರ. ಒಂದು ಕಪ್ ಹೇಳ್ಲೇನು? ಈ ಧೂಳಿಗೆ ಗಂಟಲ ಕಟ್ಟತೈತಿ."

"ಬ್ಯಾಡ ಹುಲಿಗೆಪ್ಪಣ್ಣ. ಥಾವರಪ್ಪನ ಶೆಡ್ಡಿಗೆ ಹೋಗಬೇಕು."

"ಏನರ ಸಿಕ್ತೇನ್ರಿ?"

"ಬೂಟು ತಗೊಂಡೀನಿ," ಎಂದು ಕಾಗದದ ಚೀಲ ತೋರಿಸಿದಳು. ಅಟ್ಟೆಯ ಮಾತು ಎತ್ತಲಿಲ್ಲ. ಬಚ್ಚಿಡಬೇಕೆಂದಲ್ಲ. ಪೂರ್ತಿ ಗೊತ್ತಾಗುವ ಮೊದಲು ಬಾಯಿ ಬಿಟ್ಟು ಒಬ್ಬಳನ್ನು ಲಾಕಪ್ಪಿಗೆ ಕಳಿಸಿದ್ದು ಸಾಕಾಗಿತ್ತು. "ಬೂಟು ಝಾಡಿಸಿದವನು ಅವನ ಅಲ್ಲೇನು?"

ಹುಲಿಗೆಪ್ಪ ಗ್ಲಾಸು ಕೆಳಗಿಟ್ಟ. "ನನಗೂ ಅವನ ಮ್ಯಾಲೆ ಒಂದು ಕಣ್ಣೈತಿ. ಸತ್ಯವ್ವ ಒಬ್ಬಾಕಿನ ಇಷ್ಟೆಲ್ಲಾ ಮಾಡ್ಯಾಳ ಅಂದ್ರ ನನಗೂ ಖರೇ ಅನಸಂಗಿಲ್ಲ. ನಡ್ರಿ. ಚಾವಿ ಕೊಡ್ರಿಲ್ಲೆ, ನಾ ಹೊಡೀತೇನಿ."

"ನನ್ನ ಸ್ಕೂಟರ್ ನನಗ ಹೊಡಿಯಾಕ ಬರ್ತೈತಿ."

"ಬರ್ತೈತಿ ಬಿಡ್ರಿ, ಯಾರು ಇಲ್ಲಂದ್ರು? ಖಾಕಿ ಹಾಕ್ಕೊಂಡು ಹೆಣ್ಮಗಳ ಹಿಂದ ಕೂತ್ರ ಮಂದಿ ನಗ್ತಾರ. ಮೊದಲ ಠಾಣೇದಾಗ ನನ್ನ ಘಾಟಿ, ಘಟ್ಟದ ಮ್ಯಾಲಿನವ, ಅಂತ ಆಡಸ್ತಾರ. ಇಪ್ಪತ್ತಾರು ವರ್ಷ ಆತು, ಇನ್ನೂ ಘಾಟಿನ ನಾ."

ಅವಳು ಚಾವಿ ಕೊಟ್ಟಳು. ಕುಡಚಡೆ ಪೇಟೆ ಬಿಟ್ಟು ಮೇಲೇರುವ ರಸ್ತೆಯ ಎರಡೂ ಬದಿಯ ಗಿಡಗಳು ಕೆಂಪಾಗಿದ್ದವು. ಎದುರಿನಿಂದ ಅದಿರಿನ ಲಾರಿಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ತಿರುವಿನಲ್ಲಿ ಸ್ಕೂಟರು ವಾಲಿದಾಗ ದ್ರಾಕ್ಷಾಯಿಣಿ ಎದುರಿಗಿದ್ದ ಖಾಕಿ ಬೆನ್ನನ್ನು ನೋಡಿದಳು. ಹಿಂದೆ ಕೂತವನಿಗೆ ಸವಾರನ ರಟ್ಟೆ ಎಷ್ಟು ಹತ್ತಿರ! ಒಂದು ಸಣ್ಣ ಸೂಜಿ. ಸವಾರ ಕೈಬಿಟ್ಟು ತಿರುಗುವಂತಿಲ್ಲ.

ಆ ಹಿಂದೆ ಕೂತ ಗುರುತಿನವನಿಗೆ ಅವಳು ಮನಸ್ಸಿನಲ್ಲೇ ಥಾವರಪ್ಪನ ಮುಖ ಇಟ್ಟು ನೋಡಿದಳು. ಹೊಂದುತ್ತಿತ್ತು.

ಶೆಡ್ಡಿನ ಗೇಟಿಗೆ ಬರುತ್ತಲೇ ಹುಲಿಗೆಪ್ಪ ಗಾಡಿ ನಿಲ್ಲಿಸಿ ಇಳಿದ.

"ಒಳಗ ನೀವ ಹೋಗ್ರಿ ಅಕ್ಕಾರ. ನನಗ ಚೇಳಂದ್ರ ಹುಟ್ಟಾ ಅಂಜಿಕಿ. ಅದರ ಫೋಟೋ ನೋಡಿದ್ರೂ ಮೈ ಜುಂ ಅಂತೈತಿ. ನಾ ಇಲ್ಲೇ ಇರ್ತೇನಿ, ಏನರ ಆದ್ರ ಒಂದು ಕೂಗು ಹಾಕ್ರಿ."

*

ಥಾವರಪ್ಪ ಕೊರ್ಲಿಮ್ ಕೈಗಾರಿಕಾ ಎಸ್ಟೇಟಿನ ಒಂದು ಸಣ್ಣ ಔಷಧ ಲ್ಯಾಬಿಗಾಗಿ ಚೇಳು ಸಾಕುತ್ತಿದ್ದ. ಹೆಂಗಸರು ಗುಡ್ಡದ ಜಂಬಿಟ್ಟಿಗೆ ಕಲ್ಲು ಮಗುಚಿ ತಂದ ಚೇಳುಗಳನ್ನು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಒಂದೊಂದಾಗಿ ಇಟ್ಟು, ಜಿರಳೆ ತಿನ್ನಿಸಿ, ತಿಂಗಳಿಗೊಮ್ಮೆ ಸಣ್ಣ ಕರೆಂಟು ಮುಟ್ಟಿಸಿ ವಿಷ ಇಳಿಸುವುದು. ಒಟ್ಟಿಗೆ ಇಟ್ಟರೆ ಒಂದನ್ನೊಂದು ತಿಂದುಹಾಕುತ್ತವೆ. ನೂರು ಚೇಳಿನ ವಿಷ ಒಣಗಿಸಿದರೂ ಶೀಶೆಯ ತಳ ಮುಚ್ಚುವುದಿಲ್ಲ. ಅದರಿಂದ ಪ್ರತಿವಿಷ ಮಾಡುತ್ತಾರೆ.

ಸತ್ಯವ್ವನ ಕೆಲಸ ಆ ಡಬ್ಬಿಗಳನ್ನು ಒರೆಸುವುದಾಗಿತ್ತು.

"ಬರ್ರಿ ಮೇಡಮ್ಮಾರ." ಥಾವರಪ್ಪ ಒಂದು ಡಬ್ಬಿಯ ಮೇಲೆ ಬಾಗಿದ್ದ. ತೆಳ್ಳನೆಯ ಮನುಷ್ಯ, ಕೈಯಲ್ಲಿ ಉದ್ದನೆಯ ಇಕ್ಕಳ. "ನೋಡ್ರಿಲ್ಲೆ. ನಿನ್ನೆ ಮರಿ ಹಾಕೇತಿ."

ತಾಯಿ ಚೇಳಿನ ಬೆನ್ನ ಮೇಲೆ ಅಕ್ಕಿಕಾಳಿನಂಥ ಬಿಳಿ ಮರಿಗಳು ಒತ್ತೊತ್ತಾಗಿ ಕೂತಿದ್ದವು. ಮೊದಲ ಪೊರೆ ಬಿಡುವ ತನಕ ಅವು ಆ ಬೆನ್ನು ಬಿಟ್ಟಿಳಿಯುವುದಿಲ್ಲ. ತಾವಾಗಿ ತಿನ್ನಲು ಬಾರದು, ಕೊಂಡಿಯಲ್ಲಿ ಬಲವಿಲ್ಲ. ಡಬ್ಬಿಯ ಮೂಲೆಯಲ್ಲಿ ಒಂದು ಮರಿ ಜಾರಿ ಬಿದ್ದು ಒದ್ದಾಡುತ್ತಿತ್ತು.

"ಅದನ್ನ ಮ್ಯಾಲೆ ಹತ್ತಿಸು."

"ಹತ್ತಿಸಿದೆ ರೀ, ಎರಡು ಸಲ. ನಿಲ್ಲವಲ್ತು."

ದ್ರಾಕ್ಷಾಯಿಣಿ ಅದನ್ನು ನೋಡಲಾರದೆ ಮುಖ ತಿರುಗಿಸಿದಳು. "ಥಾವರಪ್ಪ, ಬಾಲಪ್ಪನ ಬೂಟು ಝಾಡಿಸಿದ್ದು ನೀನ?"

"ನಾನ ರೀ. ಸಾಹೇಬ್ರು ಝಾಡಸು ಅಂದ್ರು, ಝಾಡಿಸಿದೆ."

"ಬಿದ್ದ ಚೇಳು ಜೀವಂತ ಇತ್ತೇನು? ಹದಿನಾಲ್ಕು ವರ್ಷ ಚೇಳಿನ ಕೂಡ ಬಾಳೇ ಮಾಡೀದಿ. ಸುಳ್ಳು ಹೇಳಬ್ಯಾಡ."

ಇಕ್ಕಳ ಮೇಜಿನ ಮೇಲೆ ಬಿತ್ತು. "ಬಿದ್ದ ಕೂಡ್ಲೇ ಲಾಠಿ ಬಿತ್ತು ರೀ. ನೋಡಾಕ ಎಲ್ಲಿ ಹೊತ್ತು?"

"ಲಾಠಿ ಏಟಿಗೆ ಚೇಳಿನ ಮೈಯಾಗಿನ ನೀರು ಹೊರಗ ಬರಬೇಕು. ಬಂತೇನು?"

ಅವನು ತುಟಿ ಸವರಿಕೊಂಡ. "ಇಲ್ಲ. ಹಪ್ಪಳ ಮುರದಂಗ ಮುರೀತು."

"ಅದು ಅವತ್ತ ಗೊತ್ತಾತು ನಿನಗ. ಮೂರು ದಿನದಿಂದ ಸುಮ್ಮನ ಅದಿ. ಆ ಕೂಸು ಸಕ್ಕರಿ ನೀರು ಕುಡಿಯಾಕತ್ತೈತಿ, ಗೊತ್ತೈತೇನು?"

"ಮೇಡಮ್ಮಾರ…"

"ಫ್ರಿಜ್ ತೆಗಿ."

ಥಾವರಪ್ಪ ಅಲುಗಲಿಲ್ಲ. ಹೊರಗೆ ಲಾರಿಯೊಂದು ಗೇರು ಬದಲಿಸಿದ ಸದ್ದು.

"ತೆಗಿ. ವಿಷದ ಶೀಶೆ ಎಷ್ಟದಾವ ತೋರಸು."

ಅವನು ಕುರ್ಚಿಯ ಮೇಲೆ ಕುಸಿದ. ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಮಾತಾಡಿದ. "ಒಂದು ಶೀಶೆ ಕಾಣವಲ್ತು. ಎಂಟು ದಿನ ಆತು. ನಾ ಕದ್ದಿಲ್ರಿ, ನನ್ನ ಮಕ್ಕಳಾಣಿ. ಕಳುವು ಅಂದ ಕೂಡ್ಲೇ ಮೊದಲ ಯಾರ ಹೆಸರು ಬರ್ತೈತಿ, ನಿಮಗ ಗೊತ್ತಿಲ್ಲೇನು? ತಾಂಡಾದವ್ರು ನಾವು. ನಮ್ಮಜ್ಜನ ಕಾಲದಿಂದಲೂ ಅದ ಹೆಸರು. ಅದಕ್ಕ ಬಾಯಿ ಮುಚ್ಚಿಕೊಂಡೆ."

ಅವನು ಅಳುತ್ತಿದ್ದ. ಕೊಲೆಗಾರನ ಅಳುವಾಗಿರಲಿಲ್ಲ ಅದು. ಹೆದರಿ ಹೆದರಿ ಸವೆದು ಹೋದವನದು.

ಆದರೂ ಭರಣಿ ಇತ್ತಲ್ಲ. ಮಾರ್ಚ್‌ನಲ್ಲಿ ಅವಳೇ ಕೊಟ್ಟಿದ್ದ ಭರಣಿ. ಚೇಳು ಆಯುವ ಹೆಂಗಸರಿಗೆ ಕೆಂಪು ಯಾವುದು, ಕರಿ ಯಾವುದು ಎಂದು ಕಣ್ಣಾರೆ ತೋರಿಸಲಿ ಎಂದು.

"ನಾ ಕೊಟ್ಟ ಭರಣಿ ಎಲ್ಲಿ?"

"ಅಲ್ಲೇ ಐತಿ ನೋಡ್ರಿ. ಗ್ವಾಡಿ ಮಾಡದಾಗ."

ಭರಣಿಯ ಮೇಲೆ ಧೂಳು ಕೂತಿತ್ತು. ಮುಚ್ಚಳಕ್ಕೆ ಅವಳೇ ಹಚ್ಚಿದ ಮೇಣ ಹಾಗೆಯೇ ಇತ್ತು. ಯಾರೂ ಬಿಚ್ಚಿರಲಿಲ್ಲ. ಅವಳು ಎಣಿಸಿದಳು. ಆರು ಹಾಕಿದ್ದಳು, ಆರೂ ಇದ್ದವು.

ಬೆಳಕಿಗೆ ಹಿಡಿದು ತಿರುಗಿಸಿದಳು. ಕೈ ನಿಂತಿತು.

ಆರೂ ಚೇಳುಗಳಿಗೆ ಎಡಗಡೆಯ ಮೂರನೆಯ ಕಾಲು ಇರಲಿಲ್ಲ. ಪರೀಕ್ಷೆಗೆಂದು ಅವಳೇ ಕತ್ತರಿಸಿ ತೆಗೆದಿಟ್ಟಿದ್ದಳು. ಗೆಣ್ಣಿನ ಮೇಲೆ, ನೇರವಾಗಿ, ಸಣ್ಣ ಕತ್ತರಿಯಿಂದ. ಎಲ್ಲರೂ ಬಲಗಾಲು ಕತ್ತರಿಸುತ್ತಾರೆ. ಎಡಗೈ ರೂಢಿಯ ಅವಳದು ಮಾತ್ರ ಎಡಗಾಲು.

ಇಂದು ಬೆಳಿಗ್ಗೆ ಠಾಣೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗಿನ ಚೇಳನ್ನು ತೋರಿಸಿದ್ದರು. ಒಂದು ಕಾಲಿರಲಿಲ್ಲ. ಲಾಠಿ ಏಟಿಗೆ ಮುರಿದಿರಬೇಕು ಎಂದುಕೊಂಡಿದ್ದಳು. ಈಗ ಆ ಡಬ್ಬಿ ಕಣ್ಣಿಗೆ ಕಟ್ಟಿತು. ಎಡಗಡೆ. ಮೂರನೆಯದು. ನೇರ ಕತ್ತರಿ.

ಆ ಚೇಳು ಅವಳದೇ.

ಮಾರ್ಚ್‌ನಲ್ಲಿ ಅವಳು ತುಂಬಿದ್ದು ಎರಡು ಭರಣಿ. ಎರಡನೆಯದನ್ನು ಒಬ್ಬರು ಕಾಲೇಜಿಗೇ ಬಂದು ಇಸಕೊಂಡು ಹೋಗಿದ್ದರು. "ಮಳಿಗಾಲ ಬರ್ತೈತಿ ಅಕ್ಕಾರ. ಕೂಲಿ ಮಂದಿಗೆ ತೋರಿಸಿ ಎಚ್ಚರ ಹೇಳ್ತೇನಿ. ನಮ್ಮ ಮಂದಿಗೆ ಮತ್ತ ಯಾರು ಹೇಳ್ತಾರ?" ಎಂದಿದ್ದರು. ಅವಳಿಗೆ ಆಗ ಎಷ್ಟು ಸಂತೋಷವಾಗಿತ್ತು.

ಚೇಳಿನ ಫೋಟೋ ಕಂಡರೂ ಮೈ ಜುಂ ಎನ್ನುವವನು, ಆ ಭರಣಿಯನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದು ಹೋಗಿದ್ದ.

"ಥಾವರಪ್ಪ." ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. "ಎಂಟು ದಿನದ ಹಿಂದ ಇಲ್ಲಿಗೆ ಯಾರ‍್ಯಾರು ಬಂದಿದ್ರು?"

"ಯಾರೂ ಇಲ್ರಿ. ಸತ್ಯವ್ವ, ಮೀರಾಬಾಯಿ, ನಾನು. ಹೊರಗಿನವರಂದ್ರ… ಪೊಲೀಸರು ಒಮ್ಮೆ ಬಂದಿದ್ರು, ಪರ್ಮಿಟ್ ನೋಡಾಕ. ಅವರನ್ನ ಲೆಕ್ಕಕ್ಕ ಹಿಡೀತಾರೇನ್ರಿ?"

"ಯಾವ ಪೊಲೀಸರು?"

"ನಮ್ಮ ಹುಲಿಗೆಪ್ಪ ಸಾಹೇಬ್ರ. ಮತ್ತ ಯಾರು ಬರ್ತಾರ ಇಲ್ಲಿತನ?" ಥಾವರಪ್ಪ ತೋಳಿನಿಂದ ಮೂಗು ಒರೆಸಿಕೊಂಡ. "ಭಾಳ ಹೊತ್ತು ಎಲ್ಲಾ ಡಬ್ಬಿ ನೋಡಿದ್ರು, ಕೆಂಪು ಚೇಳನ್ನ ಇಕ್ಕಳದಾಗ ಎತ್ತಿ ಆಡಿಸಿದ್ರು. ನನಗ ಚಹಾ ತರಾಕ ಕಳಿಸಿದ್ರು."

ದ್ರಾಕ್ಷಾಯಿಣಿ ಭರಣಿಯನ್ನು ಗೋಡೆಯ ಗೂಡಿನಲ್ಲಿ ಮೆಲ್ಲಗಿಟ್ಟಳು.

"ಬಾಲಪ್ಪ ಯಾರ ಕೂಡರ 'ಜಗಳ ಆಗೇತಿ' ಅಂದಿದ್ನೇನು?"

"ಜಗಳ ಅಲ್ರಿ. ಯಾರ್ಡಿನಿಂದ ಹೊತ್ತಲ್ಲದ ಹೊತ್ತಿನಾಗ ಕದ್ದ ಅದಿರಿನ ಲಾರಿ ಹೊಂಟಾವ, ನಾ ಕಂಡೀನಿ, ಅಂತಿದ್ದ. ಸತ್ಯವ್ವ ಸುಮ್ಮನಿರು ಅಂತ ಬೈದ್ಲು. ಅದ ಜಗಳ ಚಾಳಿನವರೆಲ್ಲಾ ಕೇಳಿದ್ದು. ನಾ ಕೇಳಿದೆ, ಯಾರಿಗೆ ಹೇಳ್ತಿಯಪಾ ಅಂತ. 'ನಮ್ಮ ಮಾತು ಆಡೋ ದೊಡ್ಡವರು ಒಬ್ರದಾರಲ್ಲ, ಅವರಿಗೆ ಹೇಳೀನಿ, ನೋಡ್ತೀನಿ ಅಂದಾರ' ಅಂದ."

ಊರು ಬಿಟ್ಟು ಬಂದವರು ಮಾಡುವ ತಪ್ಪು ಇದೊಂದೇ. ತಮ್ಮ ಮಾತು ಆಡಿದವನೆಲ್ಲ ತಮ್ಮವನು ಎಂದುಕೊಳ್ಳುವುದು. ಬಾಲಪ್ಪ ಮಾಡಿದ. ಹನುಮವ್ವ ಮಾಡಿದಳು. ಎರಡು ಡಿಗ್ರಿ ಪಡೆದ ದ್ರಾಕ್ಷಾಯಿಣಿಯೂ ಮಾಡಿದಳು.

ಗಡಿಯಾರದಲ್ಲಿ ಎರಡೂ ಐವತ್ತು. ಫೋನ್ ತೆಗೆದಳು. ಈ ಗುಡ್ಡದ ಹಿಂದೆ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ.

"ಒಳಗಿಂದ ಚಿಲಕ ಹಾಕ್ಕೊ," ಎಂದಳು. "ನಾ ಬಂದು ಕರಿಯೋತನ ಯಾರಿಗೂ ತೆಗೀಬ್ಯಾಡ. ಯಾರಿಗೂ ಅಂದ್ರ ಯಾರಿಗೂ."

*

ಹುಲಿಗೆಪ್ಪ ಸ್ಕೂಟರಿಗೆ ಒರಗಿ ನಿಂತಿದ್ದ. ಚಾವಿಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಿದ್ದ. ಮೋಡ ಇನ್ನೂ ಕೆಳಗಿಳಿದಿತ್ತು. ರಸ್ತೆಯಲ್ಲಿ ಲಾರಿಗಳ ಓಡಾಟ ನಿಂತುಹೋಗಿತ್ತು.

"ಏನಂದ ಥಾವರ‍್ಯಾ?"

"ಏನೂ ಇಲ್ಲ. ಅತ್ತ."

"ಅಳಾಕ ಅವನು ಮೊದಲಿಂದಲೂ ಶಾಣ್ಯಾ." ಅವನು ಕೈ ಚಾಚಿದ. "ಆ ಬೂಟು ಇಲ್ಲೆ ಕೊಡ್ರಿ. ನೀವ್ಯಾಕ ಹೊತಗೊಂಡು ಅಡ್ಡಾಡ್ತೀರಿ? ಠಾಣೇಕ ನಾನ ಮುಟ್ಟಸ್ತೇನಿ."

ಕೊಡದಿದ್ದರೆ ಅವನಿಗೆ ತಿಳಿದುಹೋಗುತ್ತದೆ. ಅವಳು ಕಾಗದದ ಚೀಲ ಕೊಟ್ಟಳು. ಇನ್ನೊಂದು ಚೀಲ ಅವಳ ಭುಜದಲ್ಲಿತ್ತು. ತಳದಲ್ಲಿ ಡಬ್ಬಿ, ಡಬ್ಬಿಯ ಕೆಳಗೆ ಅಟ್ಟೆ.

ಹುಲಿಗೆಪ್ಪ ಬಲಗಾಲಿನ ಬೂಟನ್ನು ಹೊರತೆಗೆದ. ಅದನ್ನು ಬೋರಲು ಹಿಡಿಯಲಿಲ್ಲ. ಕಲ್ಲಿಗೆ ಬಡಿಯಲಿಲ್ಲ. ಒಳಗೆ ಇಣುಕಲೂ ಇಲ್ಲ.

ಬರಿಗೈಯನ್ನು ಮಣಿಕಟ್ಟಿನವರೆಗೆ ಒಳಗೆ ತೂರಿಸಿದ.

ಮೂರು ದಿನದ ಹಿಂದೆ ಚೇಳು ಬಿದ್ದ ಬೂಟು. ಇಡೀ ಗುಡ್ಡದಲ್ಲಿ ಅಂಬೆಗಾಲಿಡುವ ಕೂಸೂ ಝಾಡಿಸದೆ ಮುಟ್ಟದ ಬೂಟು. ಅದರಲ್ಲಿ ಯಾವತ್ತೂ ಜೀವಂತ ಚೇಳು ಇರಲಿಲ್ಲವೆಂದು ಬಲ್ಲವನು ಮಾತ್ರ ಹಾಗೆ ಕೈ ಹಾಕಬಲ್ಲ.

ಬೆರಳುಗಳು ಒಳಗೆ ತಡಕಾಡಿದವು. ತುದಿಗೆ ಹೋದವು. ನಿಂತವು.

"ಒಳಗಿನ ಅಟ್ಟಿ ಎಲ್ಲಿ ಅಕ್ಕಾರ?"

"ಅಟ್ಟಿ?" ಎಂದಳು ದ್ರಾಕ್ಷಾಯಿಣಿ. "ಇರಲೇ ಇಲ್ಲ ಅನಸ್ತೈತಿ. ಹಳೇ ಬೂಟು."

ಅವನು ಕೈ ಹೊರತೆಗೆದು ಬೆರಳ ತುದಿಯ ಕೆಂಧೂಳನ್ನು ನೋಡಿಕೊಂಡ. ಆಮೇಲೆ ಅವಳ ಭುಜದ ಚೀಲ ನೋಡಿದ. ಅವಸರವಿಲ್ಲದೆ, ತೂಗುವವನ ಹಾಗೆ. ಮೀಸೆಯ ತುದಿಯ ನಗು ಅಲ್ಲೇ ಇತ್ತು.

"ಹೊತ್ತಾತು. ನಾಲ್ಕಕ್ಕ ಕೋರ್ಟು." ಚಾವಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಚಿದ. ಇನ್ನೊಂದು ಕೈ ಅಂಗಿಯ ಜೇಬಿಗೆ ಹೋಯಿತು. "ನೀವ ಹೊಡೀರಿ ಅಕ್ಕಾರ. ನಾ ಹಿಂದ ಕೂಡ್ತೇನಿ."

ಅವಳ ಎಡರಟ್ಟೆಯ ಹಿಂಭಾಗ ತಣ್ಣಗಾಯಿತು.

"ಮಂದಿ ನಗ್ತಾರಲ್ಲ ಹುಲಿಗೆಪ್ಪಣ್ಣ?"

ಅವನು ರಸ್ತೆಯ ಆ ತುದಿ ನೋಡಿದ, ಈ ತುದಿ ನೋಡಿದ.

"ಮಂದಿ ಎಲ್ಲಿ ಅದಾರ್ರಿ," ಎಂದ.